ಈ ಸಲಕ್ಕಷ್ಟ

ಆಗಲೇ ಸರಿ ಮಾಡಿ ಮುಗಿಸಿದ್ದ ಒಂದು ತಪ್ಪನ್ನು ನಾವು ಮೂರು ದಿನ ಹುಡುಕಿದೆವು. ಅದರ ಮೂಲ ನಾನೇ ಅಂತ ಗೊತ್ತಾದ ಮೇಲೆ ಇದನ್ನು ಬರೆಯೋಕೆ ಎರಡು ತಿಂಗಳು ಹಿಡಿಯಿತು.

ನಾನು ಕೆಲಸ ಮಾಡುವ ಯೂನಿಟ್ ಬೆಳಗಾವಿಯ ಉದ್ಯಮಬಾಗದಲ್ಲಿದೆ. ಎಂಟು ಜನ, ಎರಡು ಕೋಣೆ, ಪಕ್ಕದ ಶೆಡ್ಡಿನಿಂದ ದಿನವಿಡೀ ಗ್ರೈಂಡರ್ ಸದ್ದು. ಹೈಡ್ರಾಲಿಕ್ ಪ್ರೆಸ್ಸುಗಳಿಗೆ ಕಂಟ್ರೋಲರ್ ಕಾರ್ಡ್ ಮಾಡುತ್ತೇವೆ. ಕಾರ್ಡಿನೊಳಗಿನ ಫರ್ಮ್‌ವೇರ್, ಅಂದರೆ ಕಾರ್ಡನ್ನು ನಡೆಸುವ ಪ್ರೋಗ್ರಾಮ್, ನೋಡಿಕೊಳ್ಳುವುದು ನಾನು ಮತ್ತು ಹೋದ ವರ್ಷ ಸೇರಿದ ಒಬ್ಬ ಹುಡುಗ. ಜುಲೈನಲ್ಲಿ ಒಬ್ಬ ಗಿರಾಕಿಯ ಪ್ರೆಸ್ ಝಟಕಾ ಹೊಡೆಯೋಕೆ ಶುರು ಮಾಡಿತು. 20 ಬಾರ್‌ನಿಂದ 160 ಬಾರ್‌ಗೆ ಮೆತ್ತಗೆ ಏರಬೇಕಾದ ಒತ್ತಡ ನಡುವೆ ಒಂದು ಕಡೆ ಜಿಗಿಯುತ್ತಿತ್ತು. ಕಾರಣ ಬೇಗನೇ ಸಿಕ್ಕಿತು. ಒತ್ತಡದ ಪಟ್ಟಿಯಲ್ಲಿ ಎರಡು ಅಂಕಿ ತಪ್ಪಾಗಿದ್ದವು, ಅಷ್ಟೇ. ತಿದ್ದಿದೆವು, ಬಿಲ್ಡ್ ಮಾಡಿದೆವು (ಬರೆದ ಕೋಡನ್ನು ಕಾರ್ಡಿಗೆ ತುಂಬುವ ಫೈಲಾಗಿ ಕಟ್ಟುವುದು), ಹುಡುಗ ಲ್ಯಾಪ್‌ಟಾಪ್ ಹಿಡಿದು ಹೋಗಿ ಕಾರ್ಡಿಗೆ ತುಂಬಿಸಿ ಬಂದ. ಸಂಜೆ ಆಪರೇಟರ್ ಫೋನ್ ಬಂತು: "ಮ್ಯಾಡಮ್, ಮೊದಲ ಹೆಂಗಿತ್ತೋ ಹಂಗ ಐತ್ರಿ."

ಮೊದಲ ದಿನ ಸೆನ್ಸರ್ ಕೇಬಲ್ ಬದಲಿಸಿದೆವು. ಎರಡನೇ ದಿನ ಎಣ್ಣೆಯಲ್ಲಿ ಗಾಳಿ ಸೇರಿದೆಯೇನೋ ಅಂತ ನೋಡಿದೆವು, ವಾಲ್ವ್ ಬಿಚ್ಚಿ ತೊಳೆದೆವು. ಅಲ್ಲಿನ ಫಿಟರ್ ಒಳ್ಳೆಯವರು, ಒಂದು ಮಾತೂ ಆಡಲಿಲ್ಲ. ಆದರೆ ಎರಡನೇ ದಿನ ನಮಗೆ ಚಹಾ ಬರಲಿಲ್ಲ. ಮೂರನೇ ದಿನ ನಾನೇ ಹೊರಟೆ. ಖಾನಾಪುರ ರಸ್ತೆಯಲ್ಲಿ ಮಳೆಗೆ ಮುಂದಿನ ಗಾಡಿ ಕಾಣುತ್ತಿರಲಿಲ್ಲ. ಒದ್ದೆ ಸೆರಗು ಹಿಂಡಿಕೊಂಡು ಸ್ಕೋಪ್ (ಸಿಗ್ನಲ್ ಅನ್ನು ಗೆರೆಯಾಗಿ ತೋರಿಸುವ ಯಂತ್ರ) ಹಚ್ಚಿ ನೋಡಿದರೆ, ಗೆರೆ ಜಿಗಿಯುತ್ತಿದ್ದದ್ದು ಹಳೆಯ ಜಾಗದಲ್ಲೇ, ಹಳೆಯಷ್ಟೇ ಎತ್ತರಕ್ಕೆ. ಕೇಬಲ್ ಕೆಟ್ಟರೆ ಹೀಗೆ ಆಗೋದಿಲ್ಲ. ಎಣ್ಣೆ ಕೆಟ್ಟರೂ ಆಗೋದಿಲ್ಲ. ಇದು ಅಂಕಿಯ ಕೆಲಸ. ಆದರೆ ಡಿಸ್‌ಪ್ಲೇ ಮೇಲೆ ಫರ್ಮ್‌ವೇರಿನ ತಾರೀಕು ಸೋಮವಾರದ್ದು, ಅಂದರೆ ಹೊಸದು. ತಾರೀಕು ಹೊಸದು, ನಡತೆ ಹಳೆಯದು.

ಆಫೀಸಿಗೆ ಬಂದು ಹುಡುಗನ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. "ಇನ್ನೊಮ್ಮೆ ಮೇಕ್ ಹೊಡಿಯಪಾ" ಅಂದೆ. ಯಾವ ಫೈಲ್ ಬದಲಾಗಿದೆ ನೋಡಿ, ಬೇಕಾದ್ದನ್ನಷ್ಟೇ ಮತ್ತೆ ಕಟ್ಟುವ ಪ್ರೋಗ್ರಾಮ್ ಮೇಕ್, ನಮ್ಮ ಬಿಲ್ಡ್ ಆಗುವುದು ಅದರಿಂದಲೇ. ಈ ಸಲ ಪರದೆಯ ಮೇಲೆ ಹರಿದುಹೋದ ಸಾಲುಗಳನ್ನು ಮೇಲಕ್ಕೆ ಎಳೆದು ಒಂದೊಂದಾಗಿ ಓದಿದೆ. ಸಾಮಾನ್ಯವಾಗಿ ಯಾರೂ ಓದೋದಿಲ್ಲ, ಕೊನೆಗೆ ಕಾರ್ಡಿಗೆ ತುಂಬುವ ಬಿನ್ ಫೈಲ್ ಬಂತಾ, ಸಾಕು. ನೂರಕ್ಕೂ ಹೆಚ್ಚು ಸಾಲುಗಳ ನಡುವೆ ಒಂದು ಸಾಲು 'ಎರರ್ 1' ಅನ್ನುತ್ತಿತ್ತು. ಅದರ ಪಕ್ಕದಲ್ಲೇ ಕಂಸದೊಳಗೆ 'ಇಗ್ನೋರ್ಡ್'. ಮೇಕ್ ನಿಜವಾಗಿ ನಿಂತಾಗ ಅಂಥ ಸಾಲಿನಲ್ಲಿ ಮೂರು ನಕ್ಷತ್ರ ಬರುತ್ತವೆ, ಕಣ್ಣಿಗೆ ಹೊಡೆಯುತ್ತವೆ. ಇದಕ್ಕೆ ನಕ್ಷತ್ರವೂ ಇರಲಿಲ್ಲ. ಬಾಗಿಲ ಹತ್ತಿರ ಬಂದು ಮೆಲ್ಲಗೆ ಕೆಮ್ಮಿ ಹೋದವರ ಹಾಗಿತ್ತು.

ಆದದ್ದು ಇಷ್ಟು. ಒತ್ತಡದ ಪಟ್ಟಿ ಇರುವುದು ಒಂದು ಸಿಎಸ್‌ವಿ ಫೈಲಿನಲ್ಲಿ, ಅಂದರೆ ಸಾದಾ ಪಠ್ಯದ ಕೋಷ್ಟಕದಲ್ಲಿ. ಅದನ್ನು ಓದಿ ಸಿ ಹೆಡರ್ (ಸಿ ಭಾಷೆಯ ಕೋಡಿಗೆ ಆ ಅಂಕಿಗಳನ್ನು ಕೊಡುವ ಫೈಲ್) ಬರೆದುಕೊಡಲು ಒಂದು ಪುಟ್ಟ ಪೈಥಾನ್ ಸ್ಕ್ರಿಪ್ಟ್ ಇದೆ. ತಿದ್ದುವಾಗ ಯಾರೋ ಒಂದು ಮನೆಯಲ್ಲಿ '120' ಅನ್ನುವ ಬದಲು '120 ಬಾರ್' ಅಂತ ಬರೆದಿದ್ದರು. ಸ್ಕ್ರಿಪ್ಟ್ ಅಂಕಿ ಕಾಯುತ್ತಿತ್ತು, ಅಕ್ಷರ ಕಂಡು ಬಿದ್ದುಹೋಯಿತು. ಹೆಡರ್ ಬರೆಯುವ ಹಂತಕ್ಕೇ ಬರಲಿಲ್ಲ. ಹಾಗಾಗಿ ಹಳೆಯ ಹೆಡರ್ ಇದ್ದಲ್ಲೇ ಇತ್ತು, ಮೇಕ್ ಅದನ್ನೇ ಹಾಕಿಕೊಂಡು ಮುಂದೆ ಹೋಯಿತು. ತಾರೀಕಿನ ಫೈಲ್ ಪ್ರತಿ ಬಿಲ್ಡಿಗೂ ಹೊಸದಾಗಿ ಆಗುತ್ತದೆ, ಅದು ಆಯಿತು. "ಮೇಕ್ ಕ್ಲೀನ್ ಹೊಡೆದು ನೋಡಲಿಲ್ವಾ" ಅಂತ ನೀವು ಕೇಳಬಹುದು. ಹೊಡೆದೆವು. ಹಿಂದಿನ ಬಿಲ್ಡಿನದನ್ನು ಅಳಿಸುವ ಕಮಾಂಡ್ ಅದು. ಆದರೆ ನಮ್ಮ 'ಕ್ಲೀನ್', ಕಂಪೈಲ್ ಆದ ಆಬ್ಜೆಕ್ಟ್ ಫೈಲು ಮತ್ತು ಬಿನ್ ಫೈಲುಗಳನ್ನಷ್ಟೇ ಅಳಿಸುತ್ತದೆ, ಹೆಡರ್ ಮುಟ್ಟೋದಿಲ್ಲ. ಹಾಗೆ ಬರೆದವಳೂ ನಾನೇ.

ಸರಿ, ಆದರೆ ತಪ್ಪು ಕಂಡಲ್ಲಿ ನಿಲ್ಲುವುದು ಮೇಕ್‌ನ ಹುಟ್ಟುಗುಣ. ಇಲ್ಲಿ ಯಾಕೆ ನಿಲ್ಲಲಿಲ್ಲ? ಹುಡುಗ ಟೈಪ್ ಮಾಡಿದ್ದು ಬರೀ 'ಮೇಕ್'. ಹಿಂದೆ ಮುಂದೆ ಯಾವ ಆಪ್ಷನ್ನೂ ಇರಲಿಲ್ಲ. ಏನನ್ನು ಹೇಗೆ ಕಟ್ಟಬೇಕು ಅಂತ ಮೇಕ್‌ಗೆ ಹೇಳುವ ಮೇಕ್‌ಫೈಲನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ, ಅಲ್ಲೂ ಏನೂ ಇಲ್ಲ. ಕೊನೆಗೆ ಬ್ಯಾಶ್‌ಆರ್‌ಸಿ ಫೈಲ್ ತೆರೆದೆ, ಟರ್ಮಿನಲ್ ತೆರೆದಾಗೆಲ್ಲ ಕಂಪ್ಯೂಟರ್ ತಾನಾಗಿ ಓದಿಕೊಳ್ಳುವ ಸೆಟ್ಟಿಂಗ್ ಫೈಲ್ ಅದು. ಕೆಳಗಿನಿಂದ ನಾಲ್ಕನೇ ಸಾಲು: ಎಕ್ಸ್‌ಪೋರ್ಟ್ ಮೇಕ್‌ಫ್ಲ್ಯಾಗ್ಸ್, ಸಮ ಚಿಹ್ನೆ, ಡ್ಯಾಶ್ ಐ. ಅಂದರೆ ಈ ಕಂಪ್ಯೂಟರಿನ ಈ ಲಾಗಿನ್‌ನಲ್ಲಿ ಯಾರೇ ಮೇಕ್ ಅಂದರೂ 'ತಪ್ಪು ಬಂದರೂ ನಡಿ' ಅನ್ನುವ ಮಾತು ಅದರ ಬೆನ್ನಿಗೆ ತಾನಾಗಿ ಅಂಟಿಕೊಳ್ಳುತ್ತದೆ.

ಆ ಸಾಲು ನೋಡಿದ ತಕ್ಷಣ ನೆನಪಾಯಿತು. ಎರಡು ವರ್ಷದ ಹಿಂದೆ ಆ ಕಂಪ್ಯೂಟರ್ ನನ್ನದಾಗಿತ್ತು. ಬಿಲ್ಡಿನ ನಡುವೆ ಒಂದು ಕಡೆ ಲೈಬ್ರರಿ ಫೈಲನ್ನು ನೆಟ್‌ವರ್ಕ್ ಶೇರಿಗೆ (ಹಂಚಿಕೆಯ ಫೋಲ್ಡರಿಗೆ) ಕಾಪಿ ಮಾಡುವ ಕೆಲಸವಿತ್ತು. ಆ ವಾರ ಶೇರ್ ಸತ್ತಿತ್ತು. ಮೇಕ್ ಪ್ರತಿ ಸಲ ಅಲ್ಲೇ ನಿಲ್ಲುತ್ತಿತ್ತು. ಎರಡು ದಿನ ಕೈಯಿಂದಲೇ ಡ್ಯಾಶ್ ಐ ಹಾಕಿ ಓಡಿಸಿದೆ. ಮೂರನೇ ದಿನ ಬೇಜಾರಾಯಿತು. ಈ ವಾರಕ್ಕಷ್ಟೇ ಅಂದುಕೊಂಡು ಬ್ಯಾಶ್‌ಆರ್‌ಸಿಗೆ ತಳ್ಳಿದೆ. ಸೋಮವಾರ ಶೇರ್ ಸರಿಹೋಯಿತು. ಸಾಲು ಉಳಿಯಿತು.

ಇದರಲ್ಲಿ ಇನ್ನೊಂದು ತಮಾಷೆ ಇದೆ. ಮೇಕ್ ಹುಟ್ಟಿದ್ದೇ ಇಂಥ ಹಾಳಾದ ಒಂದು ಬೆಳಗಿನಿಂದ. 1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿ ಸ್ಟೀವ್ ಜಾನ್ಸನ್ ತಮ್ಮ ಸಹೋದ್ಯೋಗಿ ಸ್ಟುವರ್ಟ್ ಫೆಲ್ಡ್‌ಮನ್ ಕೋಣೆಗೆ ಸಿಟ್ಟಿನಿಂದ ನುಗ್ಗಿದರು. ಪ್ರೋಗ್ರಾಮಿನ ತಪ್ಪು ತಿದ್ದಿಯಾಗಿತ್ತು, ಆದರೆ ಆ ಫೈಲನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ. ಹಾಗಾಗಿ ಸರಿಯಿದ್ದ ಪ್ರೋಗ್ರಾಮನ್ನೇ ಬೆಳಗಿನಿಂದ ಕೆದಕುತ್ತ ಕೂತಿದ್ದರು. ಫೆಲ್ಡ್‌ಮನ್‌ಗೂ ಹಿಂದಿನ ದಿನ ಅದೇ ಪಾಡು ಆಗಿತ್ತಂತೆ. ವಾರಾಂತ್ಯದಲ್ಲಿ ಕೂತು ಮೇಕ್‌ನ ಮೊದಲ ರೂಪ ಬರೆದರು. 2003ರಲ್ಲಿ ಅದಕ್ಕೆ ಕಂಪ್ಯೂಟರ್ ತಜ್ಞರ ಸಂಘವಾದ ಎಸಿಎಂನ ಸಾಫ್ಟ್‌ವೇರ್ ಸಿಸ್ಟಮ್ ಪ್ರಶಸ್ತಿ ಬಂತು. ಜಾನ್ಸನ್ ಅವರ ಒಂದು ಬೆಳಗು ಉಳಿಸಲು ಹುಟ್ಟಿದ್ದನ್ನು ಇಟ್ಟುಕೊಂಡು ನಾನು ಮೂರು ದಿನ ಕಳೆದೆ. ಅದಕ್ಕೆ ಬೇಕಾದದ್ದು ಒಂದೇ ಒಂದು ಅಕ್ಷರ.

ಬಾಸ್ ಬ್ಯಾಡ, ಹತ್ತು

ಆ ರಾತ್ರಿ ನಿದ್ದೆ ಬರಲಿಲ್ಲ. ನೆನಪಾದದ್ದು ಮೇಕ್ ಅಲ್ಲ, ನಮ್ಮಪ್ಪ.

ಅಪ್ಪ ಪ್ಯಾಟರ್ನ್ ಮೇಕರ್. ಇದೇ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಮೂವತ್ತು ವರ್ಷ ಇದ್ದರು. ಬೇರೆ ಊರಿನವರಿಗೆ ಒಂದು ಮಾತು: ಬೀಡು ಎರಕ ಹೊಯ್ಯುವ ಮೊದಲು ಅದೇ ಆಕಾರದ್ದು ಕಟ್ಟಿಗೆಯಲ್ಲಿ ಆಗಬೇಕು. ಅದೇ ಪ್ಯಾಟರ್ನ್. ಅದನ್ನು ಮರಳಿನಲ್ಲಿ ಒತ್ತಿ ತೆಗೆದರೆ ಉಳಿಯುವ ಟೊಳ್ಳಿಗೆ ಕಾದ ಬೀಡು ಹೊಯ್ಯುತ್ತಾರೆ. ಒಂದು ಪ್ಯಾಟರ್ನ್ ವರ್ಷಗಟ್ಟಲೆ ಬಾಳುತ್ತದೆ. ಅದರ ಮೇಲೆ ಬಣ್ಣದಲ್ಲಿ ಬರೆದದ್ದು ಯಾವಾಗಲೂ ನಡೆಯುವ ಮಾತು: ನಂಬರ್, ಲೋಹ, ಎಷ್ಟು ಕೋರ್ (ಒಳಗಿನ ಟೊಳ್ಳಿಗೆ ಇಡುವ ಮರಳಿನ ಅಚ್ಚು). ಚಾಕ್‌ಪೀಸಿನಲ್ಲಿ ಬರೆದದ್ದು ಆ ಪಾಳಿಗೆ ಮಾತ್ರ. ಇದು ಎಲ್ಲೂ ಬರೆದಿಟ್ಟ ನಿಯಮ ಅಲ್ಲ, ಆದರೆ ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ನಾನು ಆಗ ಆರನೇ ಕ್ಲಾಸು. ರಜೆಯಲ್ಲಿ ಮಧ್ಯಾಹ್ನ ಬುತ್ತಿ ಕೊಡೋಕೆ ಹೋಗುತ್ತಿದ್ದೆ. ಗೇಟು ದಾಟಿದರೆ ಸುಟ್ಟ ಮರಳಿನ ವಾಸನೆ, ಆಮೇಲೆ ಪ್ಯಾಟರ್ನ್ ಶಾಪಿನಲ್ಲಿ ಸಾಗವಾನಿ ಹೊಟ್ಟಿನ ವಾಸನೆ. ಒಂದು ದಿನ ಅಪ್ಪ ತಮ್ಮ ಜಾಗದಲ್ಲಿ ಇರಲಿಲ್ಲ. ಹೊರಗೆ ಫೆಟ್ಲಿಂಗ್ (ಎರಕದ ಅಂಚು ಕೆರೆದು ಚೊಕ್ಕ ಮಾಡುವ ಕೆಲಸ) ಮಾಡುವ ಕಡೆ ಒಂದು ಡಬ್ಬಿ ಮೇಲೆ ಕೂತಿದ್ದರು. ಮುಂದೆ ಪಂಪಿನ ಕೇಸಿಂಗುಗಳ ಸಾಲು. ಒಂದನ್ನು ಎತ್ತಿ ತಿರುಗಿಸುವುದು, ಇಡುವುದು, ಇನ್ನೊಂದನ್ನು ಎತ್ತುವುದು. ಎಲ್ಲವೂ ಒಂದೇ ಥರ, ಚೊಕ್ಕ, ಒಂದು ರಂಧ್ರವಿಲ್ಲ, ಒಂದು ಬಿರುಕಿಲ್ಲ. "ಯಪ್ಪಾ, ಉಣ್ಣಂಗಿಲ್ಲೇನು?" ಅಂದೆ. "ಅಲ್ಲೆ ಇಡವಾ" ಅಂದರು, ತಲೆ ಎತ್ತಲಿಲ್ಲ. ಅವತ್ತು ಬುತ್ತಿ ಬಿಚ್ಚದೇ ಮನೆಗೆ ವಾಪಸ್ ಬಂತು.

ಏನಾಗಿತ್ತು ಅಂತ ಅವರು ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ಆ ಕೇಸಿಂಗಿನ ಪಕ್ಕದಲ್ಲಿ ನೀರು ಬಿಡುವ ತೂತಿಗಾಗಿ ಒಂದು ದಪ್ಪನೆಯ ಗುಬುಟು ಇರುತ್ತದೆ. ಅವರ ಭಾಷೆಯಲ್ಲಿ ಬಾಸ್. ಪ್ಯಾಟರ್ನಿನಲ್ಲಿ ಅದು ಬಿಡಿ ತುಂಡು, ಬೇಕಾದಾಗ ಸಿಕ್ಕಿಸುವುದು, ಬೇಡವಾದಾಗ ತೆಗೆಯುವುದು. ಒಬ್ಬ ಗಿರಾಕಿ ಹತ್ತು ಕೇಸಿಂಗು ಬಾಸ್ ಇಲ್ಲದೇ ಕೇಳಿದ. ಅಪ್ಪ ಪ್ಯಾಟರ್ನ್ ಮೇಲೆ ಚಾಕಿನಲ್ಲಿ 'ಬಾಸ್ ಬ್ಯಾಡ – 10' ಅಂತ ಬರೆದು ಮೋಲ್ಡಿಂಗಿಗೆ ಕಳಿಸಿದರು. ಹತ್ತು ಆದವು. ಪ್ಯಾಟರ್ನ್ ರ‍್ಯಾಕಿಗೆ ಹೋಯಿತು. ಹೋಗುತ್ತ ಬರುತ್ತ ಯಾರದೋ ತೋಳು ತಾಗಿ '10' ಅಳಿಸಿತು. 'ಬಾಸ್ ಬ್ಯಾಡ' ಉಳಿಯಿತು. ಕೆಲವು ದಿನ ಬಿಟ್ಟು ಹಳೆಯ ಪ್ಯಾಟರ್ನುಗಳಿಗೆ ಬಣ್ಣ ಹಚ್ಚಲು ಒಬ್ಬ ಹೊಸ ಹುಡುಗನನ್ನು ಕೂರಿಸಿದರು. ಅವನು ಶ್ರದ್ಧೆಯ ಹುಡುಗ. ಅಕ್ಷರ ಮಾಸಿದೆ ಅಂತ ಬಿಳಿ ಬಣ್ಣದಲ್ಲಿ ನೀಟಾಗಿ ತಿದ್ದಿಟ್ಟ. ಎರಡು ತಿಂಗಳಿಗೆ ಖಾಯಂ ಗಿರಾಕಿಯ ಆರ್ಡರ್ ಬಂತು, ನಲವತ್ತು ಕೇಸಿಂಗು. ಮೋಲ್ಡರ್ ಪ್ಯಾಟರ್ನ್ ಓದಿದ, ಬಾಸ್ ತೆಗೆದಿಟ್ಟ, ಕೆಲಸ ಮಾಡಿದ. ನಲವತ್ತೂ ಕರಗಲು ಮತ್ತೆ ಕ್ಯುಪೋಲಾ ಕುಲುಮೆಗೆ ಹೋದವು.

"ಯಾರ್ನ ಬೈಲಿ ಹೇಳು" ಅಂದಿದ್ದರು ಅಪ್ಪ. "ಮೋಲ್ಡರ್ ಓದಿದ್ದ ಮಾಡ್ಯಾನ. ಆ ಹುಡುಗ ಇದ್ದದ್ದ ತಿದ್ಯಾನ. ನಾ ಬರದದ್ದೂ ಖರೇನ ಇತ್ತು. ಹತ್ತು ಅನ್ನೂದೊಂದು ಹೋತು ನೋಡ, ಅಷ್ಟ."

ಡ್ಯಾಶ್ ಐ ಬಗ್ಗೆ ನಾನು ಹೇಳಬೇಕಾದದ್ದು ಇಷ್ಟೇ. ಕಮಾಂಡ್ ಲೈನಿನ ಮೇಲೆ ಬರೆಯುವ ಆಪ್ಷನ್ ಚಾಕಿನ ಬರಹ. ಎಂಟರ್ ಒತ್ತಿದ ಮೇಲೆ ಅದರ ಆಯಸ್ಸು ಮುಗಿಯಬೇಕು. 'ಈ ಸಲಕ್ಕಷ್ಟ' ಅನ್ನುವುದು ಅದರಲ್ಲಿ ಬರೆಯದೇ ಇರುವ, ಆದರೆ ಇದ್ದೇ ಇರುವ ಮಾತು. ಅದನ್ನು ಬ್ಯಾಶ್‌ಆರ್‌ಸಿಗೆ ಹಾಕಿದಾಗ ಆಪ್ಷನ್ ಹಾಗೇ ಉಳಿಯುತ್ತದೆ, ಅಳಿಸಿ ಹೋಗುವುದು ಹತ್ತು.

ಕೇಳಿ ನೋಡುವುದು, ಹೇಳಿ ಮಾಡಿಸುವುದು

ಇಷ್ಟಾದ ಮೇಲೆ ಮೇಕ್‌ನ ಆಪ್ಷನ್ನುಗಳನ್ನೆಲ್ಲ ಮತ್ತೊಮ್ಮೆ ಕೂತು ನೋಡಿದೆ. ನಾನು ಹೇಳುತ್ತಿರುವುದು ಮೇಕ್‌ನ ರೂಪಗಳಲ್ಲಿ ಒಂದಾದ ಗ್ನೂ ಮೇಕ್ ವಿಷಯ. ಹನ್ನೆರಡು ವರ್ಷದಿಂದ ಬಳಸುತ್ತಿದ್ದೇನೆ, ಆದರೂ ಮೂರು-ನಾಲ್ಕು ಬಿಟ್ಟರೆ ಉಳಿದವನ್ನು ಸರಿಯಾಗಿ ಮಾತಾಡಿಸಿಯೇ ಇರಲಿಲ್ಲ.

ನನಗೆ ಎಲ್ಲಕ್ಕಿಂತ ಪ್ರೀತಿ ಡ್ಯಾಶ್ ಎನ್ ಮೇಲೆ. ಏನೇನು ಮಾಡುತ್ತೀಯೋ ಬಾಯಲ್ಲಿ ಹೇಳು, ಕೈ ಹಚ್ಚಬೇಡ ಅನ್ನುವುದು. ಇದಕ್ಕೆ ಉದ್ದ ಹೆಸರು ಮೂರಿವೆ: ಜಸ್ಟ್ ಪ್ರಿಂಟ್, ಡ್ರೈ ರನ್, ರೀಕಾನ್. ಮೂರು ಹೆಸರಿಟ್ಟು ಕರೆದಿದ್ದಾರೆ ಅಂದರೆ ಮುದ್ದಿನ ಮಗುವೇ ಇರಬೇಕು. ಅಪರಿಚಿತರ ಮೇಕ್‌ಫೈಲ್ ಕೈಗೆ ಬಂದರೆ ನಾನು ಮೊದಲು ಒತ್ತುವುದು ಇದನ್ನೇ. 'ಮೇಕ್ ಕ್ಲೀನ್' ಮುಂದೆ ಎನ್ ಹಾಕಿ ನೋಡಿ, ಏನೇನು ಅಳಿಸಲು ಹೊರಟಿದೆ ಅಂತ ಪಟ್ಟಿ ಕೊಡುತ್ತದೆ. ಆದರೆ ಇದನ್ನೂ ಕಣ್ಣು ಮುಚ್ಚಿ ನಂಬಬಾರದು. ಸಾಲಿನ ಮುಂದೆ ಪ್ಲಸ್ ಇದ್ದರೆ, ಅಥವಾ ಸಾಲಿನಲ್ಲಿ ಮೇಕ್ ಅನ್ನುವ ವೇರಿಯೇಬಲ್ ಇದ್ದರೆ, ಎನ್ ಹಾಕಿದರೂ ಆ ಸಾಲು ನಿಜವಾಗಿ ಓಡುತ್ತದೆ. ಒಳಗಿನ ಮೇಕ್‌ಗಳಿಗೂ 'ಹೇಳು, ಮಾಡಬೇಡ' ಅನ್ನುವ ಮಾತು ತಲುಪಲಿ ಅಂತ ಹೀಗೆ ಇಟ್ಟಿದ್ದಾರೆ. ಜೊತೆಗೆ ಮೇಕ್‌ಫೈಲ್ ಓದುವಾಗಲೇ ಓಡುವ ಶೆಲ್ ಫಂಕ್ಷನ್ನುಗಳನ್ನು ಎನ್ ತಡೆಯೋದಿಲ್ಲ. ಅಲ್ಲಿ ಯಾರಾದರೂ ಅಳಿಸುವ ಕಮಾಂಡ್ ಬರೆದಿಟ್ಟಿದ್ದರೆ ದೇವರೇ ಗತಿ.

ಡ್ಯಾಶ್ ಡಬ್ಲ್ಯೂ, ದೊಡ್ಡಕ್ಷರದ್ದು, ಎನ್‌ನ ಒಳ್ಳೆಯ ಜೋಡಿ. 'ಈ ಫೈಲ್ ಈಗ ಬದಲಾಯಿತು ಅಂತ ಇಟ್ಟುಕೋ, ಏನೇನು ಮತ್ತೆ ಕಟ್ಟಬೇಕಾಗುತ್ತದೆ?' ಇದರ ಉದ್ದ ಹೆಸರುಗಳಲ್ಲಿ ಒಂದು ವಾಟ್ ಇಫ್. ಹೆಡರ್ ಒಂದನ್ನು ತೋರಿಸಿ ಎರಡನ್ನೂ ಒಟ್ಟಿಗೆ ಹಾಕಿದರೆ, ಆ ಹೆಡರಿಗೆ ಯಾರ‍್ಯಾರು ನೆಂಟರು ಅಂತ ಗೊತ್ತಾಗುತ್ತದೆ. ನೆಂಟರಾಗಬೇಕಾದ ಫೈಲ್ ಪಟ್ಟಿಯಲ್ಲಿ ಇಲ್ಲದಿದ್ದರೆ ಮೇಕ್‌ಫೈಲಿನಲ್ಲೇ ಸಂಬಂಧ ಬರೆದಿಲ್ಲ ಅಂತ ಅರ್ಥ. ಎಷ್ಟೋ ಕಡೆ 'ಕ್ಲೀನ್ ಮಾಡಿದರೆ ಸರಿಹೋಗುತ್ತೆ' ಅನ್ನುವ ಕಾಯಿಲೆಯ ಮೂಲ ಇದೇ.

ಕೆ ಮತ್ತು ಐ ನಡುವಿನ ವ್ಯತ್ಯಾಸ ನನಗೆ ಇಷ್ಟು ವರ್ಷ ಮಸುಕಾಗಿತ್ತು. ಎರಡೂ ತಪ್ಪು ಕಂಡರೂ ಮುಂದೆ ಹೋಗುತ್ತವೆ ಅಂದುಕೊಂಡಿದ್ದೆ. ಹೋಗುತ್ತವೆ ನಿಜ, ಆದರೆ ಹೋಗುವ ದಾರಿ ಬೇರೆ. ಒಂದು ಮನೆಯಲ್ಲಿ ಅಡಿಗೆಗೆ ಗ್ಯಾಸ್ ಮುಗಿಯಿತು ಅಂತ ಇಟ್ಟುಕೊಳ್ಳಿ. ಕೆ ಅನ್ನುವವಳು ಒಲೆ ಬೇಕಾದ ಕೆಲಸ ಬಿಟ್ಟು ಕೋಸಂಬರಿ ಹೆಚ್ಚುತ್ತಾಳೆ, ಎಲೆ ತೊಳೆಯುತ್ತಾಳೆ, ಕೊನೆಗೆ 'ಅನ್ನ ಆಗಿಲ್ಲರಿ' ಅಂತ ಹೇಳುತ್ತಾಳೆ. ಐ ಅನ್ನುವವಳು ಅಕ್ಕಿಯನ್ನೇ ಬಡಿಸಿ 'ಊಟ ಆತ್ರಿ' ಅನ್ನುತ್ತಾಳೆ. ಕೆ ಹಾಕಿದಾಗ ಬಿದ್ದುಹೋದ ಟಾರ್ಗೆಟ್ಟನ್ನು (ಕಟ್ಟಬೇಕಾದ ಫೈಲನ್ನು) ನಂಬಿದ ಯಾವುದನ್ನೂ ಮೇಕ್ ಕಟ್ಟೋದಿಲ್ಲ, ಕೊನೆಗೆ ಸೋತೆ ಅನ್ನುವ ಕೋಡ್ ಕೊಡುತ್ತದೆ. ಐ ಹಾಕಿದರೆ ನಂಬಿದವನ್ನೂ ಕಟ್ಟುತ್ತದೆ, ಸೊನ್ನೆ ಕೊಟ್ಟು ಗೆದ್ದೆ ಅನ್ನುತ್ತದೆ. ಶೇರ್ ಸತ್ತ ವಾರ ನನಗೆ ಬೇಕಾದದ್ದು ಇವೆರಡೂ ಅಲ್ಲ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಡ್ಯಾಶ್ ಟಿ ಇನ್ನೂ ಒಂದು ಕೈ ಮೇಲೆ. ಏನನ್ನೂ ಕಟ್ಟದೆ ಫೈಲುಗಳ ಸಮಯವನ್ನಷ್ಟೇ ಹೊಸದು ಮಾಡಿ 'ಎಲ್ಲಾ ಆಗಿದೆ' ಅನ್ನುತ್ತದೆ. ಕಾಮೆಂಟ್ ತಿದ್ದಿದ್ದಕ್ಕೆ ಒಂದು ಗಂಟೆ ಬಿಲ್ಡ್ ಯಾಕೆ ಅನ್ನುವವರಿಗೆ ಉಪಯೋಗ ಇರಬಹುದು. ನಾನು ಜೀವನದಲ್ಲಿ ಒಮ್ಮೆ ಬಳಸಿದ್ದೇನೆ, ಅದೂ ಕ್ಯಾಪಿಟಲ್ ಸಿ ಹಾಕಿ ಡೈರೆಕ್ಟರಿ ಕೊಡಲು ಹೋಗಿ ಬೆರಳು ತಪ್ಪಿ.

ಒಂದೇ ಸಲಕ್ಕೆ ಹಲವು ಕೆಲಸ ಓಡಿಸುವ ಜೆ ಬಗ್ಗೆ ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರಬಹುದಾದದ್ದು ಒಂದು: ಪಕ್ಕದಲ್ಲಿ ಅಂಕಿ ಬರೆಯದಿದ್ದರೆ ಅದಕ್ಕೆ ಮಿತಿಯೇ ಇಲ್ಲ. ಒಮ್ಮೆ ನಾನು ನಾಲ್ಕು ಬರೆಯೋದು ಮರೆತು ಎಂಟರ್ ಒತ್ತಿದೆ. ಮೌಸ್ ಅಲುಗಾಡಲಿಲ್ಲ, ಫ್ಯಾನ್ ಕೂಗಿಕೊಂಡಿತು, ನಾನು ಎದ್ದು ಹೊರಗೆ ಹೋಗಿ ಒಂದು ಮಿರ್ಚಿ ತಿಂದು ಬಂದೆ. ಆಗಲೂ ಮುಗಿದಿರಲಿಲ್ಲ.

ಸ್ಕೇಲಿನ ಸುಳ್ಳು

ಮೇಕ್‌ಫ್ಲ್ಯಾಗ್ಸ್ ಇರುವುದು ಕೆಟ್ಟ ಕೆಲಸಕ್ಕಲ್ಲ. ಒಂದು ಮೇಕ್ ಇನ್ನೊಂದು ಮೇಕ್ ಅನ್ನು ಕರೆದಾಗ ಮೇಲಿನವನಿಗೆ ಹೇಳಿದ್ದು ಕೆಳಗಿನವನಿಗೂ ಗೊತ್ತಾಗಬೇಕಲ್ವಾ, ಅದನ್ನು ಹೊತ್ತೊಯ್ಯುವ ಚೀಟಿ ಅದು. ನೀವು ಕೆ ಅಂದರೆ ಅದರಲ್ಲಿ ಕೆ ಸೇರುತ್ತದೆ. ದೊಡ್ಡಕ್ಷರದ ಸಿ ಮತ್ತು ಡಬ್ಲ್ಯೂ, ಚಿಕ್ಕಕ್ಷರದ ಎಫ್ ಮತ್ತು ಓ, ಇವು ಮಾತ್ರ ಸೇರುವುದಿಲ್ಲ. ಆ ಡೈರೆಕ್ಟರಿ, ಆ ಫೈಲು ಅನ್ನುವ ಮಾತು ಅಲ್ಲಿಗಲ್ಲಿಗೇ ಮುಗಿಯಬೇಕು ಅಂತ. ಆದರೆ ಆ ಚೀಟಿಯನ್ನು ಹೊರಗಿನಿಂದಲೂ ಬರೆದಿಡಬಹುದು, ಮೇಕ್ ಶುರುವಾಗುವಾಗ ಓದಿಕೊಳ್ಳುತ್ತದೆ. ಗ್ನೂ ಮೇಕ್‌ನ ಕೈಪಿಡಿಯಲ್ಲೇ ಇದರ ಬಗ್ಗೆ ಎಚ್ಚರಿಕೆ ಇದೆ. ಮೇಕ್‌ನ ಉದ್ದೇಶವನ್ನೇ ಕೆಡಿಸುವಂಥದ್ದನ್ನು ಅಲ್ಲಿ ಹಾಕಬೇಡಿ ಅಂತ ಹೇಳಿ, ಟಿ, ಎನ್, ಕ್ಯೂ ಮೂರರ ಹೆಸರು ತೆಗೆಯುತ್ತದೆ. ಐ ಹೆಸರು ಆ ಸಾಲಿನಲ್ಲಿಲ್ಲ. ನನಗೆ ಅದೊಂದು ಸಮಾಧಾನ ಅಂತ ಹೇಳಲಾರೆ, ನಾನು ಕೈಪಿಡಿ ಓದಿಯೇ ಇರಲಿಲ್ಲ.

ಇಲ್ಲಿ ನನಗೆ ಒಂದು ತಕರಾರು ಇದೆ. ವೇರಿಯೇಬಲ್ ವಿಷಯದಲ್ಲಿ ಮೇಕ್ ಬಹಳ ಹುಷಾರು. ಕಮಾಂಡ್ ಲೈನಿನಲ್ಲಿ 'ಡೀಬಗ್=1' ಅಂತ ಕೊಟ್ಟರೆ ಅದು ಮೇಕ್‌ಫೈಲಿನಲ್ಲಿ ಬರೆದದ್ದನ್ನು ಮೀರುತ್ತದೆ, ಅಲ್ಲಿ ಓವರ್‌ರೈಡ್ ಅಂತ ಗಟ್ಟಿಯಾಗಿ ಹೇಳಿರದಿದ್ದರೆ. ಮೇಕ್‌ಫೈಲಿನಲ್ಲಿ ಬರೆದದ್ದು ಪರಿಸರದಿಂದ (ಬ್ಯಾಶ್‌ಆರ್‌ಸಿಯಂಥ ಕಡೆಯಿಂದ) ಬಂದದ್ದನ್ನು ಮೀರುತ್ತದೆ. ಇದನ್ನು ತಿರುವು ಮುರುವು ಮಾಡಬೇಕಾದರೆ ಡ್ಯಾಶ್ ಇ ಅಂತ ಬಾಯಿಬಿಟ್ಟು ಹೇಳಬೇಕು. ಎಷ್ಟು ಚಂದದ ವ್ಯವಸ್ಥೆ ನೋಡಿ. ಕೈಯಿಂದ ಈಗಷ್ಟೇ ಬರೆದದ್ದಕ್ಕೆ ಮೊದಲ ಮಣೆ, ಎಲ್ಲರೂ ಓದಬಹುದಾದ ಫೈಲಿಗೆ ಎರಡನೆಯದು, ಕಣ್ಣಿಗೆ ಕಾಣದೆ ಎಲ್ಲೋ ಕೂತದ್ದಕ್ಕೆ ಕೊನೆಯದು. ಆಪ್ಷನ್ ವಿಷಯ ಬಂದಾಗ ಮಾತ್ರ ಹಿತ್ತಲ ಬಾಗಿಲು ತೆರೆದೇ ಇದೆ. ಎಲ್ಲೋ ಕೂತ ಒಂದು ಅಕ್ಷರ ನೇರ ನಡುಮನೆಗೆ ಬರುತ್ತದೆ.

ಅಪ್ಪನ ಹತ್ತಿರ ಒಂದು ಉಕ್ಕಿನ ಸ್ಕೇಲ್ ಇತ್ತು. ಬೀಡು ಆರುವಾಗ ಕುಗ್ಗುತ್ತದೆ, ಮೀಟರಿಗೆ ಸುಮಾರು 10 ಮಿಲಿಮೀಟರ್. ಅದಕ್ಕೆ ಪ್ಯಾಟರ್ನನ್ನು ಅಷ್ಟು ದೊಡ್ಡದಾಗಿ ಮಾಡಬೇಕು. ಪ್ರತಿ ಅಳತೆಗೂ ಲೆಕ್ಕ ಹಾಕುತ್ತ ಕೂತರೆ ಆಗೋದಿಲ್ಲ ಅಂತ ಸ್ಕೇಲನ್ನೇ ಅಷ್ಟು ಹಿಗ್ಗಿಸಿ ಗೆರೆ ಹಾಕಿರುತ್ತಾರೆ. ಕಾಂಟ್ರಾಕ್ಷನ್ ಸ್ಕೇಲ್. ನೋಡೋಕೆ ಥೇಟ್ ಮಾಮೂಲಿ ಸ್ಕೇಲ್, ಮೂಲೆಯಲ್ಲಿ ಸಣ್ಣದೊಂದು ಗುರುತು ಬಿಟ್ಟರೆ. ಎಂಟನೇ ಕ್ಲಾಸಿನಲ್ಲಿ ನನ್ನ ಸ್ಕೇಲ್ ಮುರಿದಿತ್ತು. ಅದನ್ನೇ ಚೀಲಕ್ಕೆ ಹಾಕಿಕೊಂಡು ರೇಖಾಗಣಿತದ ಪರೀಕ್ಷೆಗೆ ಹೋದೆ. 10 ಸೆಂಟಿಮೀಟರ್ ಅಂತ ನಾನು ಎಳೆದ ಪ್ರತಿ ಗೆರೆಯೂ 10.1 ಇತ್ತು. ಮೇಷ್ಟ್ರು ಕೆಂಪು ಗುರುತು ಹಾಕಿದರು. ನಾನು ಅವರ ಮುಂದೆಯೇ ಮತ್ತೆ ಅಳೆದು ತೋರಿಸಿದೆ, ಸರಿಯಾಗಿ ಹತ್ತು. ಅವರು ತಮ್ಮದರಿಂದ ಅಳೆದರು, ಒಂದು ಮಿಲಿಮೀಟರ್ ಜಾಸ್ತಿ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಮನೆಗೆ ಬಂದು ಹೇಳಿದರೆ ಅಪ್ಪ ಬಿದ್ದು ಬಿದ್ದು ನಕ್ಕರು, ಆಮೇಲೆ ಆ ಸ್ಕೇಲನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕಿದರು.

ಬೀಗ ಹಾಕಿದ್ದು ಆಗ ಅತಿ ಅನಿಸಿತ್ತು.

ಸಾಲಿನ ಮುಂದಿನ ಡ್ಯಾಶ್

ಶೇರ್ ಸತ್ತ ವಾರ ನನಗೆ ಬೇಕಾಗಿದ್ದದ್ದು ಇಷ್ಟೇ: ಕಾಪಿ ಮಾಡುವ ಆ ಒಂದು ಸಾಲು ಸೋತರೆ ಪರವಾಗಿಲ್ಲ, ಉಳಿದದ್ದು ಸೋತರೆ ನಿಲ್ಲು. ಅದಕ್ಕೆ ಮೇಕ್‌ಫೈಲಿನಲ್ಲೇ ಉಪಾಯ ಇದೆ. ಟ್ಯಾಬ್ ಆದ ಮೇಲೆ, ಕಮಾಂಡಿನ ಮುಂದೆ, ಒಂದು ಡ್ಯಾಶ್. ಅದೇ ಡ್ಯಾಶ್, ಆದರೆ ಬೇರೆ ಜಾಗದಲ್ಲಿ. ಆ ಸಾಲಿನ ತಪ್ಪನ್ನು ಮಾತ್ರ ನುಂಗಿಕೊಳ್ಳುತ್ತದೆ. ಮೇಕ್‌ಫೈಲ್ ತೆರೆದ ಯಾರಿಗಾದರೂ ಕಾಣುತ್ತದೆ, ಗಿಟ್‌ನಲ್ಲಿ ಯಾರು ಯಾವತ್ತು ಹಾಕಿದರು ಅಂತ ದಾಖಲೆ ಇರುತ್ತದೆ. ಬಣ್ಣದ ಬರಹ. ನನಗೆ ಆಗಲೂ ಗೊತ್ತಿತ್ತು ಇದು. ಕ್ಲೀನ್ ಟಾರ್ಗೆಟ್ಟಿನ ಅಳಿಸುವ ಸಾಲಿನ ಮುಂದೆ ನಾನೇ ಹಾಕಿದ್ದೆ. ಆದರೆ ಒಂದು ವಾರದ ತೊಂದರೆಗೆ ಮೇಕ್‌ಫೈಲ್ ತಿದ್ದಿ ಕಮಿಟ್ ಮಾಡುವುದು ದೊಡ್ಡ ಕೆಲಸ ಅನಿಸಿತು. ಎಲ್ಲರಿಗೂ ಕಾಣುವ ಹಾಗೆ ಬರೆಯಲು ಸ್ವಲ್ಪ ನಾಚಿಕೆಯೂ ಇತ್ತೇನೋ. ಅವಸರದ ತೇಪೆಯನ್ನು ಯಾರೂ ಬೀದಿಯಲ್ಲಿ ಹಾಕೋದಿಲ್ಲ, ಅಲ್ವಾ.

ಹುಡುಗನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವನು ಮೂರು ದಿನದಿಂದ ತನ್ನದೇ ತಪ್ಪು ಅಂತ ತಲೆ ತಗ್ಗಿಸಿಕೊಂಡು ಓಡಾಡುತ್ತಿದ್ದ. "ಹಂಗಾರ ಕೇಬಲ್ ಸುಮ್ನ ಬದಲಿ ಮಾಡಿದ್ವೇನ್ರಿ ಮ್ಯಾಡಮ್?" ಅಂದ. ಸುಮ್ನೇ ಬದಲಿಸಿದೆವು. ಗಿರಾಕಿಗೆ ಫೋನ್ ಮಾಡಿ ತಪ್ಪು ನಮ್ಮದು, ಕೇಬಲ್ಲಿನ ಬಿಲ್ ಕಳಿಸೋದಿಲ್ಲ ಅಂದೆ. ಸಿಎಸ್‌ವಿಯಿಂದ 'ಬಾರ್' ತೆಗೆದು, ಸಾಲು ಅಳಿಸಿ, ಹೊಸ ಟರ್ಮಿನಲ್ ತೆರೆದು ಬಿಲ್ಡ್ ಮಾಡಿದೆವು. ಮರುದಿನ ಬೆಳಿಗ್ಗೆ ಪ್ರೆಸ್ ಬೆಣ್ಣೆಯ ಹಾಗೆ ಇಳಿಯಿತು, ಚಹಾ ಬಂತು.

ಆಮೇಲೆ ಮೇಕ್‌ಫೈಲಿಗೆ ಎರಡು ಕೆಲಸ ಮಾಡಿದೆ. ಒಂದು, ಕ್ಲೀನ್ ಈಗ ಹೆಡರನ್ನೂ ಅಳಿಸುತ್ತದೆ. ಇನ್ನೊಂದು, ಮೇಕ್ ಶುರುವಾದ ಕೂಡಲೇ ತನಗೆ ಬಂದ ಫ್ಲ್ಯಾಗುಗಳನ್ನು ಒಂದು ಸಾಲಿನಲ್ಲಿ ಮುದ್ರಿಸುತ್ತದೆ. ಕೈಯಿಂದ ಕೊಟ್ಟದ್ದೋ, ಗೋಡೆಯಿಂದ ಸೋರಿದ್ದೋ, ಎಲ್ಲವೂ ಅಲ್ಲಿ ಕಾಣುತ್ತವೆ. ಮೊದಲ ಸಾಲಾದ್ದರಿಂದ ಓದುತ್ತಾರೆ ಅನ್ನುವ ಭರವಸೆ ನನಗಿಲ್ಲ, ಆದರೆ ಇರಲಿ.

ಸಂಜೆ ಹೊರಡುವಾಗ ಹುಡುಗ ಕೇಳಿದ: "ಮ್ಯಾಡಮ್, ಆ ಸಾಲು ಇದೊಂದರಾಗ ಅಷ್ಟ ಇತ್ತೇನ್ರಿ?" ಚಪ್ಪಲಿ ಹಾಕಿಕೊಂಡಿದ್ದವಳು ಮತ್ತೆ ಒಳಗೆ ಬಂದೆ. ನನ್ನ ಈಗಿನ ಕಂಪ್ಯೂಟರಿನಲ್ಲಿ ಹುಡುಕಿದೆ. ಇತ್ತು. ಹೊಸ ಮಷಿನ್ ಬಂದಾಗ ಹಳೆಯ ಹೋಮ್ ಡೈರೆಕ್ಟರಿಯನ್ನು ಇಡಿಯಾಗಿ ಎತ್ತಿ ಹಾಕಿಕೊಂಡಿದ್ದೆ. ಟೆಸ್ಟಿಂಗ್ ಬೆಂಚಿನ ಕಂಪ್ಯೂಟರಿನಲ್ಲೂ ಇತ್ತು. ಅಲ್ಲಿ ಮಾತ್ರ ಪಕ್ಕದಲ್ಲಿ ಹ್ಯಾಶ್ ಹಾಕಿ ಒಂದು ಪದ ಬರೆದಿದ್ದೆ: 'ಟೆಂಪರರಿ'. ತಾರೀಕು ಇರಲಿಲ್ಲ.

ಇನ್ನೊಂದು ಕಂಪ್ಯೂಟರ್ ಇದೆ, ಮಹಡಿ ಮೆಟ್ಟಿಲ ಕೆಳಗೆ, ಪ್ಲಾಸ್ಟಿಕ್ ಹೊದಿಸಿ ಇಟ್ಟದ್ದು. ಹಳೆಯ ಮಾಡೆಲ್ ಕಾರ್ಡುಗಳ ಬಿಲ್ಡ್ ಅದರಲ್ಲೇ ಆಗುತ್ತಿತ್ತು. ಅದನ್ನು ಇನ್ನೂ ಆನ್ ಮಾಡಿ ನೋಡಿಲ್ಲ.